ನೀವು ಹೇಳುವ 'ನಟ್ಟನಡು' ಕಣ್ಣಲ್ಲಿ ಎಲ್ಲಿದೆ, ಮೇಡಂ?

ಹೋದ ಸಂಚಿಕೆಯಲ್ಲಿ ಕನ್ನಡಕ ಬಿಡಿಸುವ ಲೇಸರ್ ಬಗ್ಗೆ ಬರೆಯುತ್ತಾ 'ಲೇಸರ್ ಕಣ್ಣಿನ ನಟ್ಟನಡುವೆ ಬೀಳಬೇಕು' ಅಂತ ಒಂದು ಸಾಲು ಗೀಚಿ ಮುಂದೆ ಹೋಗಿಬಿಟ್ಟಿದ್ದೆ. ಅದೊಂದೇ ಸಾಲನ್ನು ಹಿಡಿದು ಜಗ್ಗಾಡಿ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲದ ಜಾಗವೆಲ್ಲ ಅವಕ್ಕೇ. ಮಕ್ಕಳ ಕನ್ನಡಕ, ಕಣ್ಣಿನ ಒತ್ತಡದ ಬಗ್ಗೆ ಕೇಳಿದವರು ಒಂದು ಸಂಚಿಕೆ ಕಾಯಬೇಕು, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ಮೂವತ್ತೆರಡು ವರ್ಷ ಗಣಿತ ಪಾಠ ಮಾಡಿದವನು ನಾನು. ವೃತ್ತಕ್ಕೆ ಕೇಂದ್ರ ಒಂದೇ. ನೀವು 'ನಟ್ಟನಡು' ಅಂದಿರಿ, ಯಾವುದರ ನಡು ಅಂತ ಹೇಳಲಿಲ್ಲ. ಕರಿಗುಡ್ಡೆಯದೋ, ಪಾಪೆಯದೋ, ಇಡೀ ಕಣ್ಣಿನದೋ? ಪರೀಕ್ಷೆಯಲ್ಲಿ ಹುಡುಗರು ಹೀಗೆ ಬರೆದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದೆ.
— ನಿವೃತ್ತ ಮೇಷ್ಟ್ರು

ಉತ್ತರ: ಅರ್ಧ ಅಲ್ಲ ಮೇಷ್ಟ್ರೇ, ಪೂರ್ತಿ ಕಳೆಯಿರಿ. ಕಣ್ಣನ್ನು ಯಾರೂ ಕೈವಾರ ಇಟ್ಟು ಬರೆದಿಲ್ಲ, ಅದೇ ತೊಂದರೆ.

ಲೇಸರ್ ಕೆಲಸ ಮಾಡುವುದು ಕಣ್ಣಿನ ಮುಂದಿರುವ ಗಾಜಿನಂಥ ಪದರದ ಮೇಲೆ, ಅಂದರೆ ಕಾರ್ನಿಯಾ ಮೇಲೆ. ಅಡ್ಡ ಅಳತೆ ಸುಮಾರು 11.5ರಿಂದ 12 ಮಿ.ಮೀ., ನಡುವಿನ ದಪ್ಪ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು. ಈ ಪದರದ ಅಂಚಿನಿಂದ ಅಂಚಿಗೆ ಅಳೆದರೆ ಸಿಗುವ ಕೇಂದ್ರ ಒಂದು. ಅದರಿಂದ ಸುಮಾರು 3 ಮಿ.ಮೀ. ಒಳಗೆ ಪಾಪೆ ಇದೆ. ಪಾಪೆಯ ಕೇಂದ್ರ ಇನ್ನೊಂದು, ಅದು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಸ್ವಲ್ಪ ಮೂಗಿನ ಕಡೆಗಿರುತ್ತದೆ. ಇನ್ನು ನೀವು ಒಂದು ಸಣ್ಣ ದೀಪವನ್ನು ನೆಟ್ಟ ನೋಟದಿಂದ ನೋಡುವಾಗ ನಿಮ್ಮ ಕಾರ್ನಿಯಾ ಮೇಲೆ ಆ ದೀಪದ ಚುಕ್ಕಿಯಂಥ ಪ್ರತಿಬಿಂಬ ಮೂಡುತ್ತದಲ್ಲ, ಅದು ಮೂರನೆಯದು. ಅದು ಬಹುತೇಕರಲ್ಲಿ ಪಾಪೆಯ ಕೇಂದ್ರಕ್ಕಿಂತ ಇನ್ನಷ್ಟು ಮೂಗಿನ ಕಡೆ. ಕಾರಣ ಸರಳ. ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದಲ್ಲಿ ತೀಕ್ಷ್ಣವಾಗಿ ಕಾಣುವ ಗುಳಿ ಪಾಪೆಯ ನೇರ ಹಿಂದಿಲ್ಲ, ತುಸು ಕಿವಿಯ ಕಡೆ ಸರಿದು ಕೂತಿದೆ. ಆ ಗುಳಿಯಿಂದ ಹೊರಟ ನೋಟದ ಗೆರೆ ಹೊರಗೆ ಬರುವಾಗ ಕಾರ್ನಿಯಾವನ್ನು ಮೂಗಿನ ಕಡೆಯೇ ದಾಟಬೇಕು.

ನಂಬಿಕೆ ಬಾರದಿದ್ದರೆ ಯಾರಾದರೂ ನಿಮ್ಮ ಮುಖದ ಫೋಟೋವನ್ನು ಫ್ಲ್ಯಾಶ್ ಹಾಕಿ ತೆಗೆಯಲಿ, ನೀವು ನೇರ ಕ್ಯಾಮೆರಾವನ್ನೇ ನೋಡಿ. ಆಮೇಲೆ ಫೋಟೋ ಹಿಗ್ಗಿಸಿ ಎರಡೂ ಕಣ್ಣಿನ ಬಿಳಿ ಚುಕ್ಕಿ ಎಲ್ಲಿದೆ ನೋಡಿ. ಎಡಗಣ್ಣಿನದು ಬಲಕ್ಕೆ, ಬಲಗಣ್ಣಿನದು ಎಡಕ್ಕೆ, ಎರಡೂ ಮೂಗಿನ ಹತ್ತಿರಕ್ಕೆ ಜಾರಿರುತ್ತವೆ. ಈ ಅಂತರ ಜಾಸ್ತಿ ಇದ್ದವರನ್ನು ಕಂಡು 'ಮೆಳ್ಳಗಣ್ಣಾ?' ಅಂತ ಜನ ಅನುಮಾನ ಪಡುವುದುಂಟು, ಇರುವುದಿಲ್ಲ. ನಮ್ಮ ವೃತ್ತಿಯಲ್ಲಿ ಇದಕ್ಕೆ ಆಂಗಲ್ ಕಪ್ಪಾ ಅನ್ನುತ್ತೇವೆ. ಗ್ರೀಕ್ ಅಕ್ಷರದ ಹೆಸರು, ಕಪ್ಪಿಗೂ ಅದಕ್ಕೂ ನಂಟಿಲ್ಲ.

ಈಗ ಯಾವ ಬಿಂದುವಿನ ಮೇಲೆ ಲೇಸರ್ ಇಡಬೇಕು? ಇದರ ಮೇಲೆ ನಮ್ಮಲ್ಲೇ ಜಗಳ ಹಳೆಯದು. 1987ರಲ್ಲಿ ಉವೊಜಾಟೊ ಮತ್ತು ಗೈಟನ್ ಎಂಬ ಸಂಶೋಧಕರು, ಬೆಳಕು ಒಳಗೆ ಹೋಗುವುದೇ ಪಾಪೆಯ ಮೂಲಕ, ಹಾಗಾಗಿ ಪಾಪೆಯ ಕೇಂದ್ರವೇ ಸರಿ ಅಂತ ವಾದಿಸಿದರು. 1993ರಲ್ಲಿ ಪಾಂಡೆ ಮತ್ತು ಹಿಲ್‌ಮನ್, ಪ್ರತಿಬಿಂಬದ ಚುಕ್ಕಿಯೇ ನೋಟದ ಗೆರೆಗೆ ಹತ್ತಿರ, ಅದನ್ನು ಹಿಡಿಯಿರಿ ಅಂದರು. ಪಾಪೆಯ ಪಕ್ಷಕ್ಕೆ ಒಂದು ದೊಡ್ಡ ತೊಡಕಿದೆ. ಪಾಪೆ ಹಿಗ್ಗಿ ಕುಗ್ಗುವಾಗ ಅದರ ಕೇಂದ್ರವೇ ಜಾಗ ಬದಲಿಸುತ್ತದೆ, ಕತ್ತಲಲ್ಲಿ ಹಿಗ್ಗಿದರೆ ಹೆಚ್ಚಿನವರಲ್ಲಿ ಕಿವಿಯ ಕಡೆ ಜಾರುತ್ತದೆ. ಸ್ಕ್ಯಾನ್ ತೆಗೆದಿದ್ದು ಮಬ್ಬು ಕೋಣೆಯಲ್ಲಿ, ಲೇಸರ್ ಮಾಡುವುದು ಮೈಕ್ರೋಸ್ಕೋಪಿನ ಝಗಝಗ ಬೆಳಕಲ್ಲಿ. ಎರಡೂ ಹೊತ್ತಿನ 'ನಡು' ಒಂದೇ ಅಂತ ನಂಬಿದರೆ ಅಲ್ಲೇ ಮೋಸ. ಈಗಿನ ಯಂತ್ರಗಳು ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್‌ನ ಗೆರೆಗಳನ್ನೂ ಕರಿಗುಡ್ಡೆಯ ಅಂಚನ್ನೂ ಹಿಡಿದು ಎರಡು ಚಿತ್ರಗಳನ್ನು ತಾಳೆ ಹಾಕುತ್ತವೆ, ಆ ಪುಣ್ಯ ದೊಡ್ಡದು.

ನಾನೇನು ಮಾಡುತ್ತೇನೆ ಅಂತ ಕೇಳಿದರೆ, ಪಾಪೆಯ ಕೇಂದ್ರಕ್ಕೂ ಚುಕ್ಕಿಗೂ ಅಂತರ ಕೂದಲೆಳೆಯಷ್ಟಿದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅಂತರ ಎದ್ದು ಕಂಡರೆ ಚುಕ್ಕಿಯ ಕಡೆ ವಾಲುತ್ತೇನೆ. ನಮ್ಮವರಲ್ಲಿ ಎಲ್ಲರೂ ಇದನ್ನು ಒಪ್ಪುವುದಿಲ್ಲ, ಒಪ್ಪದವರಲ್ಲಿ ನನಗಿಂತ ಚೆನ್ನಾಗಿ ಕೈ ಓಡಿಸುವವರೂ ಇದ್ದಾರೆ.

ಪ್ರಶ್ನೆ: ಡಾಕ್ಟ್ರೇ, ನನಗೆ ಮುಂದಿನ ತಿಂಗಳು ಲೇಸರ್ ಇದೆ, ಮೈನಸ್ ನಾಲ್ಕು ಪವರ್. ನನಗೆ ಡ್ರಾಪ್ಸ್ ಹಾಕಿಸಿಕೊಳ್ಳುವಾಗಲೇ ಕಣ್ಣು ಓಡಾಡುತ್ತೆ. ಲೇಸರ್ ಬೀಳುವಾಗ ಕಣ್ಣು ಸರಿದರೆ? ಸೀನು ಬಂದರೆ? 'ಯಂತ್ರ ನೋಡ್ಕೊಳ್ಳುತ್ತೆ' ಅಂತಾರೆ, ಧೈರ್ಯ ಬರ್ತಿಲ್ಲ.
— ಹೆದರುಪುಕ್ಕಿ, 24

ಉತ್ತರ: ನಿಮ್ಮ ಸಹಿ ನೋಡಿ ನಕ್ಕೆ, ಆದರೆ ಪ್ರಶ್ನೆ ನಗುವಂಥದ್ದಲ್ಲ.

ಸಣ್ಣಪುಟ್ಟ ಅಲುಗಾಟ ಯಂತ್ರಕ್ಕೆ ಬಿಡಿ. ಟ್ರ್ಯಾಕರ್ ಅನ್ನುವ ಕ್ಯಾಮೆರಾ ಸೆಕೆಂಡಿಗೆ ನೂರಾರು ಸಲ, ಕೆಲವು ಯಂತ್ರಗಳಲ್ಲಿ ಸಾವಿರಕ್ಕೂ ಹೆಚ್ಚು ಸಲ ನಿಮ್ಮ ಕಣ್ಣಿನ ಜಾಗ ನೋಡಿ ಕಿರಣವನ್ನು ಅದರ ಹಿಂದೆ ಓಡಿಸುತ್ತದೆ. ಕಣ್ಣು ತೀರಾ ಆಚೆ ಹೋದರೆ ಲೇಸರ್ ತಾನಾಗಿ ನಿಲ್ಲುತ್ತದೆ, ವಾಪಸ್ ಬಂದಾಗ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ರೆಪ್ಪೆಗೆ ಕ್ಲಿಪ್ ಇರುತ್ತದೆ, ಮಿಟುಕಿಸಲು ಆಗುವುದಿಲ್ಲ. ಸೀನು ಬರುವ ಹಾಗಿದ್ದರೆ ಬಾಯಿಬಿಟ್ಟು ಹೇಳಿ, ನಾವು ಪೆಡಲ್ ಮೇಲಿಂದ ಕಾಲು ತೆಗೆದರೆ ಆಯಿತು. ನಿಮ್ಮ ಪವರ್‌ಗೆ ಲೇಸರ್ ಬೀಳುವ ಹೊತ್ತು ಹತ್ತು ಸೆಕೆಂಡಿನ ಆಸುಪಾಸು.

ಟ್ರ್ಯಾಕರಿಗೆ ಗೊತ್ತಾಗದ ಒಂದೇ ಸಂಗತಿ, ನೀವು ನಿಜವಾಗಿ ಏನನ್ನು ನೋಡುತ್ತಿದ್ದೀರಿ ಅನ್ನುವುದು. ಯಜಮಾನ ದಾರಿ ತಪ್ಪಿದರೂ ಹಿಂದೆ ಹಿಂದೆಯೇ ಹೋಗುವ ನಾಯಿ ಅದು. ಪಾಪೆ ಎಲ್ಲಿದೆಯೋ ಅಲ್ಲಿಗೆ ನಿಷ್ಠೆಯಿಂದ ಹೋಗುತ್ತದೆ.

ನಾನು ತರಬೇತಿ ಮುಗಿಸಿದ ಎರಡನೇ ವರ್ಷದ ಮಾತು. ಇಪ್ಪತ್ತೆರಡರ ಹುಡುಗ, ಎಡಗಣ್ಣು. ಫ್ಲ್ಯಾಪ್, ಅಂದರೆ ಕಾರ್ನಿಯಾದ ಮೇಲಿನ ತೆಳು ಪದರವನ್ನು ಎತ್ತಿ ಮಡಚಿಟ್ಟಿದ್ದೆ. ಪರದೆಯ ಮೇಲೆ ಟ್ರ್ಯಾಕರಿನ ಉಂಗುರ ಪಾಪೆಯ ಸುತ್ತ ಗಟ್ಟಿಯಾಗಿ ಕೂತಿತ್ತು, ಕೆಳಗೆ 'ರೆಡಿ' ಅಂತ ಅಕ್ಷರ. ಕಾಲು ಪೆಡಲ್ ಮೇಲಿತ್ತು. ಒತ್ತಬೇಕು ಅನ್ನುವಾಗ ಏನೋ ಸರಿಯಿಲ್ಲ ಅನ್ನಿಸಿತು. ಬೆಳಗಿನ ಸ್ಕ್ಯಾನಿನಲ್ಲಿ ಚುಕ್ಕಿ ಪಾಪೆಯ ನಡುವಿಗೆ ಹತ್ತಿರದಲ್ಲೇ, ಮೂಗಿನ ಕಡೆ ಇತ್ತು. ಈಗ ಪಾಪೆಯ ಇನ್ನೊಂದು ಬದಿಯ ಅಂಚಿನ ಹತ್ತಿರ ಮಿನುಗುತ್ತಿದೆ.

'ಯಾವ ದೀಪ ನೋಡ್ತಿದ್ದೀಯಪ್ಪಾ?'

'ಕೆಂಪುದು, ಮೇಡಂ.'

'ಮಿಣಕ್ ಮಿಣಕ್ ಅಂತಿದೆಯಾ?'

'ಇಲ್ಲ ಮೇಡಂ, ಸುಮ್ನಿದೆ.'

ಅವನು ನೋಡಬೇಕಿದ್ದ ದೀಪ ಮಿನುಗುವಂಥದ್ದು. ಫ್ಲ್ಯಾಪ್ ಎತ್ತಿದ ಕೂಡಲೇ ಎಲ್ಲ ಕಲೆಸಿದ ಹಾಗೆ ಕಾಣುತ್ತದೆ, ದೀಪ ಹರಡಿದ ಕೆಂಪು ಮೋಡವಾಗುತ್ತದೆ. ಪಾಪ, ಆ ಮೋಡದಲ್ಲಿ ಅವನು ಯಂತ್ರದ ಪಕ್ಕದಲ್ಲಿದ್ದ ಇನ್ಯಾವುದೋ ಸೂಚನೆಯ ದೀಪ ಹಿಡಿದುಕೊಂಡು ಕಲ್ಲಿನ ಹಾಗೆ ಅಲುಗಾಡದೆ ಮಲಗಿದ್ದ. ಅಷ್ಟು ವಿಧೇಯ ರೋಗಿ! ಟ್ರ್ಯಾಕರಿಗೆ ಅವನ ಮೇಲೆ ಯಾವ ದೂರೂ ಇರಲಿಲ್ಲ. ಕಣ್ಣು ಹತ್ತು ಡಿಗ್ರಿ ಓರೆಯಾದರೆ ಸಾಕು, ಪಾಪೆ ಒಳಗಿದ್ದು ಕಾರ್ನಿಯಾ ಮುಂದಿರುವುದರಿಂದ ಗುರಿ ಅರ್ಧ ಮಿ.ಮೀ. ಆಸುಪಾಸು ಪಕ್ಕಕ್ಕೆ ಬೀಳುತ್ತದೆ. ಮಿನುಗುವ ದೀಪ ತೋರಿಸಿ, ಅವನು 'ಸಿಕ್ತು' ಅಂದ ಮೇಲೆ ಚುಕ್ಕಿ ತನ್ನ ಜಾಗಕ್ಕೆ ಬಂತು. ಆಮೇಲೆ ಒತ್ತಿದೆ. ಅಂದಿನಿಂದ ಪ್ರತಿಯೊಬ್ಬರನ್ನೂ 'ದೀಪ ಮಿನುಗ್ತಿದೆಯಾ?' ಅಂತ ಕೇಳದೆ ನಾನು ಪೆಡಲ್ ಮುಟ್ಟಿಲ್ಲ. ನಮ್ಮ ಸಿಸ್ಟರ್‌ಗಳು ಬೆನ್ನ ಹಿಂದೆ ನನಗೆ 'ಮಿಣಕ್ ಮೇಡಂ' ಅಂತ ಹೆಸರಿಟ್ಟಿರುವುದು ಗೊತ್ತಿದೆ.

ಹಾಗಾಗಿ ನಿಮ್ಮ ಪಾಲಿನ ಕೆಲಸ ಚಿಕ್ಕದು. ಮನೆಯಲ್ಲಿ ಮಲಗಿ, ಚಾವಣಿಯ ಮೇಲೆ ಒಂದು ಗುರುತು ನೋಡಿಕೊಂಡು ಮೂವತ್ತು ಎಣಿಸುವ ಅಭ್ಯಾಸ ಮಾಡಿ. ಕನ್ನಡಕ ತೆಗೆದು ಮಾಡಿ, ಮಸುಕಾಗಿ ಕಾಣುವುದನ್ನೂ ಬಿಡದೆ ನೋಡಲು ಬರಬೇಕು. ಗದ್ದ ಎತ್ತುವುದು, ತಲೆ ಓರೆ ಮಾಡುವುದು ಬೇಡ. ದೀಪ ಮಾಯವಾಯಿತು ಅನ್ನಿಸಿದರೆ ಹುಡುಕಬೇಡಿ, ಕಣ್ಣು ಇದ್ದಲ್ಲೇ ಇರಲಿ, 'ಕಾಣ್ತಿಲ್ಲ' ಅಂತ ಬಾಯಲ್ಲಿ ಹೇಳಿ. ಮತ್ತೊಂದು: ನಿಮ್ಮದು ಮೆತ್ತನೆ ಕಾಂಟ್ಯಾಕ್ಟ್ ಲೆನ್ಸ್ ಆಗಿದ್ದರೆ ಸ್ಕ್ಯಾನಿಗೆ ಒಂದೆರಡು ವಾರ ಮೊದಲೇ ತೆಗೆದಿಡಿ, ಗಟ್ಟಿ ಲೆನ್ಸ್ ಆದರೆ ಇನ್ನೂ ಮೊದಲು. ಲೆನ್ಸ್ ಒತ್ತಿ ಆಕಾರ ಕೆಟ್ಟ ಕಾರ್ನಿಯಾದ ನಕ್ಷೆ ನಂಬುವಂಥದ್ದಲ್ಲ.

ಪ್ರಶ್ನೆ: ಲೇಸರ್ ಆಗಿ ನಾಲ್ಕು ತಿಂಗಳು. ದೃಷ್ಟಿ 6/6, ತೊಂದರೆ ಏನಿಲ್ಲ. ಮೊನ್ನೆ ಫೈಲಿನಲ್ಲಿ ಬಣ್ಣದ ನಕ್ಷೆ ನೋಡಿದೆ. ನೀಲಿ ವೃತ್ತ ನಡುವಿಲ್ಲ, ಕಿವಿಯ ಕಡೆ ಸರಿದಿದೆ! ಡಾಕ್ಟರು ತಪ್ಪು ಮಾಡಿದ್ದಾರಾ? ಎರಡು ದಿನದಿಂದ ನಿದ್ದೆ ಇಲ್ಲ.
— ಇಂಜಿನಿಯರ್, 29

ಉತ್ತರ: ನಾಲ್ಕು ತಿಂಗಳು ಚೆನ್ನಾಗಿ ನಿದ್ದೆ ಮಾಡಿದ ಕಣ್ಣುಗಳು ಒಂದು ಕಾಗದ ನೋಡಿ ನಿದ್ದೆಗೆಟ್ಟವು, ಅಲ್ಲವಾ?

ಕಾರ್ನಿಯಾದ ಆಕಾರ ತೋರಿಸುವ ಆ ನಕ್ಷೆಯ ನಡುವಿನ ಕೂಡುಗೆರೆ ಪಾಪೆಯ ನಡುವಲ್ಲ. ಯಂತ್ರ ನಕ್ಷೆ ಬರೆಯುವುದು ಪ್ರತಿಬಿಂಬದ ಚುಕ್ಕಿಯನ್ನು ಸೊನ್ನೆ ಅಂತ ಹಿಡಿದು. ನಿಮ್ಮ ಡಾಕ್ಟರು ಪಾಪೆಯ ಕೇಂದ್ರಕ್ಕೆ ಲೇಸರ್ ಇಟ್ಟಿದ್ದರೆ, ಅವರು ಎಷ್ಟೇ ಕರಾರುವಾಕ್ಕಾಗಿ ಇಟ್ಟಿದ್ದರೂ, ನಕ್ಷೆಯಲ್ಲಿ ನೀಲಿ ವೃತ್ತ, ಅಂದರೆ ಲೇಸರ್ ಬಿದ್ದು ಚಪ್ಪಟೆಯಾದ ಜಾಗ, ಕಿವಿಯ ಕಡೆಗೇ ಕಾಣಬೇಕು. ಮೇಲಿನ ಮೇಷ್ಟ್ರಿಗೆ ಬರೆದದ್ದನ್ನು ಓದಿ, ಲೆಕ್ಕ ಕೂಡಿಬರುತ್ತದೆ. ಜೊತೆಗೆ, ನಕ್ಷೆ ತೆಗೆಯುವ ದಿನ ನೀವು ಸ್ವಲ್ಪ ಆಚೆ ನೋಡಿದ್ದರೂ ಚಿತ್ರ ಸರಿಯುತ್ತದೆ. ಒಂದೇ ನಕ್ಷೆಯಿಂದ ತೀರ್ಪು ಕೊಡಬಾರದು. ಚಿಕಿತ್ಸೆಗೆ ಮೊದಲಿನದನ್ನು ಈಗಿನದರಿಂದ ಕಳೆದು ಬರುವ 'ವ್ಯತ್ಯಾಸದ ನಕ್ಷೆ' ಕೇಳಿ ನೋಡಿ, ಲೇಸರ್ ನಿಜವಾಗಿ ಎಲ್ಲಿ ಬಿದ್ದಿದೆ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ಅರ್ಧ ಮಿ.ಮೀ. ಒಳಗಿನ ಸರಿತ ಸಾಮಾನ್ಯವಾಗಿ ಅನುಭವಕ್ಕೆ ಬರುವುದಿಲ್ಲ, 1 ಮಿ.ಮೀ. ದಾಟಿದರೆ ರೋಗಿಯೇ ದೂರು ತರುತ್ತಾರೆ. ರಾತ್ರಿ ದೀಪಗಳು ಚೊಕ್ಕವಾಗಿ ಕಂಡರೆ ಫೈಲು ಮುಚ್ಚಿಡಿ. ಎಸೆಯಬೇಡಿ ಮಾತ್ರ! ಮುಂದೆ ವಯಸ್ಸಾದ ಮೇಲೆ ಪೊರೆ ಆಪರೇಷನ್ ಆಗುವಾಗ ಲೆನ್ಸ್ ಪವರ್ ಲೆಕ್ಕ ಹಾಕಲು ಆ ಹಳೆಯ ಅಳತೆಗಳು ಬೇಕಾಗುತ್ತವೆ.

ಪ್ರಶ್ನೆ: ಆರು ತಿಂಗಳ ಹಿಂದೆ ಲೇಸರ್ ಮಾಡಿಸಿಕೊಂಡೆ. ನನ್ನದು ರಾತ್ರಿ ಗಾಡಿ ಓಡಿಸುವ ಕೆಲಸ. ಹಗಲು ಪರವಾಗಿಲ್ಲ. ರಾತ್ರಿ ಎದುರಿನ ಗಾಡಿಯ ದೀಪಕ್ಕೆ ಒಂದೇ ಕಡೆ ಬಾಲ ಇರುತ್ತೆ, ನಂಬರ್ ಪ್ಲೇಟಿನ ಅಕ್ಷರದ ಕೆಳಗೆ ಇನ್ನೊಂದು ಮಂಕು ಅಕ್ಷರ. 'ಕಣ್ಣು ಒಣಗಿದೆ, ಡ್ರಾಪ್ಸ್ ಹಾಕು' ಅಂತ ಮೂರು ಸಲ ಕಳಿಸಿದರು. ಇನ್ನೊಂದು ಸಲ ಲೇಸರ್ ಮಾಡಿಸಿದರೆ ಸರಿಹೋಗುತ್ತಾ?
— ಚಾಲಕ, 31

ಉತ್ತರ: ನೀವು ಬರೆದ 'ಒಂದೇ ಕಡೆ' ಅನ್ನುವ ಎರಡು ಪದ ನನ್ನನ್ನು ಹಿಡಿದು ನಿಲ್ಲಿಸಿದವು. ದೀಪದ ಸುತ್ತ ಸಮನಾದ ಬಳೆಯಂಥ ಪ್ರಭೆ ಕಂಡರೆ ಅದಕ್ಕೆ ಕಾರಣ ಬೇರೆ ಇರಬಹುದು, ಕತ್ತಲಲ್ಲಿ ಹಿಗ್ಗಿದ ಪಾಪೆ ಲೇಸರ್ ಆದ ವೃತ್ತಕ್ಕಿಂತ ದೊಡ್ಡದಾದಾಗ ಹಾಗಾಗುತ್ತದೆ. ಬಾಲ ಒಂದು ಕಡೆಗೆ ಮಾತ್ರ ಎಳೆದಿದ್ದರೆ ಲೇಸರ್ ಆದ ಜಾಗ ಸರಿದಿದೆಯೇ ಅಂತ ನೋಡಲೇಬೇಕು. ಧೂಮಕೇತುವಿನ ಬಾಲದ ಹಾಗೆ ಕಾಣುವುದರಿಂದಲೇ ಈ ದೋಷಕ್ಕೆ 'ಕೋಮಾ' ಅಂತ ಹೆಸರು. ಆಸ್ಪತ್ರೆಯ ಕೋಮಾ ಅಲ್ಲ, ಹೆದರಬೇಡಿ.

ಮನೆಯಲ್ಲೇ ನೋಡಿಕೊಳ್ಳಬಹುದಾದದ್ದು ಇಷ್ಟು. ಕತ್ತಲ ಕೋಣೆಯಲ್ಲಿ ದೂರದ ಒಂದು ಸಣ್ಣ ದೀಪ ನೋಡಿ, ಒಂದೊಂದೇ ಕಣ್ಣು ಮುಚ್ಚಿ. ಒಂದು ಕಣ್ಣು ಮುಚ್ಚಿದರೂ ಇನ್ನೊಂದರಲ್ಲಿ ಜೋಡಿ ಬಿಂಬ ಉಳಿದರೆ ದೋಷ ಆ ಕಣ್ಣಿನ ಒಳಗೇ ಇದೆ. ಯಾವ ಕಣ್ಣು ಮುಚ್ಚಿದರೂ ಜೋಡಿ ಮಾಯವಾದರೆ ಅದು ಎರಡು ಕಣ್ಣುಗಳ ಹೊಂದಾಣಿಕೆಯ ವಿಷಯ, ಲೇಸರಿನ ತಲೆಗೆ ಕಟ್ಟಬೇಡಿ. ಆಮೇಲೆ ಮೂರು ನಾಲ್ಕು ಸಲ ಕಣ್ಣು ಮಿಟುಕಿಸಿ. ಒಣಗಿದ ಕಣ್ಣಿನ ಮಸುಕು ಮಿಟುಕಿಗೊಮ್ಮೆ ಬದಲಾಗುತ್ತದೆ, ಡ್ರಾಪ್ಸ್ ಬಿದ್ದ ಗಳಿಗೆ ತಿಳಿಯಾಗುತ್ತದೆ. ಕೋಮಾದ ಬಾಲ ಜಪ್ಪಯ್ಯ ಅನ್ನುವುದಿಲ್ಲ. ಕೊನೆಗೆ ದಪ್ಪ ಕಾಗದಕ್ಕೆ ಸೂಜಿಯಿಂದ ತೂತು ಮಾಡಿ ಅದರೊಳಗಿಂದ ನೋಡಿ. ಬಾಲ ಉದುರಿಹೋದರೆ ತೊಂದರೆ ಬೆಳಕು ಬಾಗುವ ಜಾಗದಲ್ಲೇ ಇದೆ, ರೆಟಿನಾದಲ್ಲಲ್ಲ.

ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಕಂಡ ಬಾಲದ ಚಿತ್ರವನ್ನೂ ಕೈಯಲ್ಲೇ ಗೀಚಿ ಡಾಕ್ಟರಿಗೆ ತೋರಿಸಿ. ನನಗೆ ಬಂದ ಅತ್ಯುತ್ತಮ ಕೇಸ್ ಶೀಟುಗಳು ಇಂಥ ಗೀಚು ಚಿತ್ರಗಳೇ. 'ಚಾರ್ಟಿನ ಕೊನೆ ಸಾಲು ಓದುತ್ತೀರಲ್ಲ' ಅಂತ ಯಾರಾದರೂ ಸಾಗಹಾಕಿದರೆ ಒಪ್ಪಬೇಡಿ. ಚಾರ್ಟು ಓದಿಸುವುದು ಬೆಳಕಿನಲ್ಲಿ, ಕಪ್ಪು ಅಕ್ಷರ ಬಿಳಿ ಹಲಗೆಯ ಮೇಲೆ, ಪಾಪೆ ಕುಗ್ಗಿರುವಾಗ. ನಿಮ್ಮ ಕೆಲಸ ಅದಕ್ಕೆ ತದ್ವಿರುದ್ಧ.

ಮತ್ತೆ ಲೇಸರ್ ವಿಷಯ. ನಿಜಕ್ಕೂ ಒಣಕಣ್ಣೇ ಆಗಿದ್ದು ಅದಕ್ಕೆ ಲೇಸರ್ ಮಾಡಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಅದಕ್ಕೇ ನಕ್ಷೆ, ಕಣ್ಣೀರಿನ ಪರೀಕ್ಷೆ ಎರಡೂ ಮೊದಲು ಆಗಲಿ. ಸರಿತ ಖಚಿತವಾದರೆ, ಕಾರ್ನಿಯಾದ ನಕ್ಷೆಯನ್ನೇ ಆಧಾರವಾಗಿಟ್ಟು ಉಬ್ಬು ತಗ್ಗು ಸರಿಪಡಿಸುವ ಟೋಪೋಗ್ರಫಿ ಆಧಾರಿತ ಲೇಸರ್ ಇದೆ. ಅದಕ್ಕೆ ಇನ್ನೂ ಸವೆಸಲು ದಪ್ಪ ಉಳಿದಿರಬೇಕು. ಲೆಕ್ಕ ನೋಡಿ: 540 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ 1 ಮಿ.ಮೀ.) ಕಾರ್ನಿಯಾ, 110 ಫ್ಲ್ಯಾಪಿಗೆ ಹೋಯಿತು. ಮೈನಸ್ 5ಕ್ಕೆ 6.5 ಮಿ.ಮೀ. ವೃತ್ತದಲ್ಲಿ ಸವೆದದ್ದು ಸುಮಾರು 70. ಉಳಿದದ್ದು 360. ಕೆಳಗಿನ ಪದರ 250ಕ್ಕಿಂತ ಕಮ್ಮಿ ಆಗಬಾರದು, ನಾನಂತೂ 300ಕ್ಕೇ ನಿಲ್ಲುತ್ತೇನೆ. ನಿಮ್ಮ ಫೈಲಿನ ಅಂಕಿ ಹಾಕಿ ಇದೇ ಲೆಕ್ಕ ಮಾಡಿ ಕೊಡಿ ಅಂತ ಕೇಳಿ. ರಿಪೇರಿಯಾದರೆ ಬಾಲ ಚಿಕ್ಕದಾಗುತ್ತದೆ, ಪೂರ್ತಿ ಮಾಯವಾಗುತ್ತದೆ ಅಂತ ಮಾತು ಕೊಡುವವರನ್ನು ನಾನು ನಂಬುವುದಿಲ್ಲ. ಲೇಸರ್ ಬೇಡ ಅನ್ನುವವರಿಗೆ ವಿಶೇಷವಾದ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಇದೆ. ಕತ್ತಲಲ್ಲಿ ಪಾಪೆ ಅತಿಯಾಗಿ ಹಿಗ್ಗದಂತೆ ತಡೆಯುವ ಡ್ರಾಪ್ಸ್ ಕೂಡ ಕೆಲವರಿಗೆ ಕೆಲಸ ಮಾಡುತ್ತದೆ, ಡಾಕ್ಟರು ಬರೆದುಕೊಟ್ಟರೆ ಮಾತ್ರ.

ಅಲ್ಲಿಯವರೆಗೆ ಹಗಲು ಪಾಳಿ ಕೇಳಿ ತೆಗೆದುಕೊಳ್ಳಿ. ಇದನ್ನು ಸಲಹೆ ಅಂದುಕೊಳ್ಳಬೇಡಿ, ತಾಕೀತು ಅಂದುಕೊಳ್ಳಿ.

ಪ್ರಶ್ನೆ: ನನ್ನದು ಬರೀ ಸಿಲಿಂಡರ್ ಪವರ್, ಎರಡು. ನಡು ಸರಿಯಿದ್ದರೆ ಸಾಕಲ್ಲವಾ?
— ವಿದ್ಯಾರ್ಥಿನಿ, 21

ಉತ್ತರ: ಸಾಲದು. ಕೂತಿದ್ದವರು ಮಲಗಿದಾಗ ಕಣ್ಣು ತನ್ನ ಗೂಡಿನಲ್ಲೇ ಗಡಿಯಾರದ ಮುಳ್ಳಿನ ಹಾಗೆ ಚೂರು ತಿರುಗುತ್ತದೆ. ಸಾಮಾನ್ಯವಾಗಿ ಎರಡು-ನಾಲ್ಕು ಡಿಗ್ರಿ, ಕೆಲವರಲ್ಲಿ ಅದಕ್ಕಿಂತ ಜಾಸ್ತಿ. ದುಂಡು ಪವರ್‌ಗೆ ಇದರಿಂದ ಏನೂ ಆಗದು. ಸಿಲಿಂಡರ್‌ಗೆ ದಿಕ್ಕಿದೆ. 5 ಡಿಗ್ರಿ ತಪ್ಪಿದರೆ ಸುಮಾರು 17%, 10 ಡಿಗ್ರಿಗೆ ಸುಮಾರು 35% ಪವರ್ ಉಳಿದುಬಿಡುತ್ತದೆ. 30 ಡಿಗ್ರಿ ತಪ್ಪಿದರೆ ಮಾಡಿದ್ದೆಲ್ಲ ದಂಡ, ಅಷ್ಟೇ ಸಿಲಿಂಡರ್ ಇನ್ನೊಂದು ದಿಕ್ಕಿಗೆ ಸಿಗುತ್ತದೆ. ಕೆಲವು ಯಂತ್ರಗಳು ಐರಿಸ್ ನೋಡಿ ತಾವೇ ತಿದ್ದಿಕೊಳ್ಳುತ್ತವೆ. ಇಲ್ಲದಿದ್ದರೆ ನಿಮ್ಮನ್ನು ಕೂರಿಸಿಯೇ ಕರಿಗುಡ್ಡೆಯ ಎರಡು ಪಕ್ಕ ಪೆನ್ನಿನಿಂದ ಗುರುತು ಹಾಕುತ್ತಾರೆ, ನೋಯುವುದಿಲ್ಲ. ಎರಡರಲ್ಲಿ ಯಾವುದು ಮಾಡುತ್ತೀರಿ ಅಂತ ಕೇಳಿ.

ಪ್ರಶ್ನೆ: ನಮ್ಮಮ್ಮನಿಗೆ ಪ್ಲಸ್ ಪವರ್. 'ಪ್ಲಸ್‌ಗೆ ಲೇಸರ್ ಸ್ವಲ್ಪ ಕಷ್ಟ' ಅಂದರು ಡಾಕ್ಟರು. ಮೈನಸ್‌ಗೂ ಪ್ಲಸ್‌ಗೂ ಏನು ವ್ಯತ್ಯಾಸ ಮೇಡಂ?
— ಮಗಳು

ಉತ್ತರ: ಈ ಪ್ರಶ್ನೆಗೆ ಉತ್ತರಿಸುವಾಗ ನನಗೆ ಒಬ್ಬ ಹೆಂಗಸಿನ ಮುಖ ಕಣ್ಣ ಮುಂದೆ ಬರುತ್ತದೆ.

ಮೈನಸ್ ಪವರ್‌ನಲ್ಲಿ ಕಾರ್ನಿಯಾದ ನಡುವನ್ನು ಸವೆಸಿ ಚಪ್ಪಟೆ ಮಾಡುತ್ತೇವೆ. ಅಗಲವಾದ ಬಯಲು ಸಿಗುತ್ತದೆ, ಒಂದು ಹೆಜ್ಜೆ ಆಚೀಚೆ ನಿಂತರೂ ಬಯಲೇ. ಪ್ಲಸ್‌ನಲ್ಲಿ ನಡು ಬಿಟ್ಟು ಸುತ್ತ ಉಂಗುರದ ಹಾಗೆ ಸವೆಸಿ ನಡುವನ್ನು ಗುಡ್ಡ ಮಾಡುತ್ತೇವೆ. ಗುಡ್ಡದ ನೆತ್ತಿ ಚಿಕ್ಕದು, ಒಂದು ಹೆಜ್ಜೆ ತಪ್ಪಿದರೆ ಇಳಿಜಾರು. ಇದರ ಮೇಲೆ, ಪ್ಲಸ್ ಪವರ್‌ನವರಲ್ಲೇ ಪಾಪೆಯ ಕೇಂದ್ರಕ್ಕೂ ಚುಕ್ಕಿಗೂ ಅಂತರ ಹೆಚ್ಚು. ಎಲ್ಲಿ ತಪ್ಪಬಾರದೋ ಅಲ್ಲೇ ತಪ್ಪಲು ಜಾಗ ಜಾಸ್ತಿ.

ಆ ಹೆಂಗಸಿಗೆ ಪ್ಲಸ್ ಮೂರೂವರೆ. ಚುಕ್ಕಿ ಪಾಪೆಯ ಕೇಂದ್ರಕ್ಕಿಂತ ಅರ್ಧ ಮಿ.ಮೀ.ನಷ್ಟು ಮೂಗಿನ ಕಡೆಗಿತ್ತು, ಅದನ್ನು ನಾನೇ ಅಳೆದು ನಾನೇ ಬರೆದಿದ್ದೆ. ಆಗ ನಾನು ಪಾಪೆಯ ಪಕ್ಷದವಳು. ಪಾಪೆಯ ಕೇಂದ್ರಕ್ಕೆ ಇಟ್ಟೆ, ಯಂತ್ರ ಅಣುವಿನಷ್ಟೂ ಅತ್ತಿತ್ತ ಹೋಗಲಿಲ್ಲ. ವಾರ ಬಿಟ್ಟು ಬಂದು ಚಾರ್ಟಿನ ಕೊನೆ ಸಾಲು ಓದಿದರು. ಓದಿ ಸುಮ್ಮನಿದ್ದರು. ಆಮೇಲೆ 'ಅಕ್ಷರಕ್ಕೆಲ್ಲ ನೆರಳು ಮೆತ್ತಿಕೊಂಡಿದೆ ಡಾಕ್ಟ್ರೇ' ಅಂದರು. 'ಸರಿಹೋಗುತ್ತೆ' ಅಂದೆ. ಮುಂದಿನ ತಿಂಗಳೂ ಅಂದೆ. ಮೂರನೇ ತಿಂಗಳೂ ಅದನ್ನೇ ಅಂದೆ. ಲೇಸರ್ ಇಟ್ಟ ಜಾಗ ಆಗಿನ ನನ್ನ ತಿಳಿವಳಿಕೆ, ಅದಕ್ಕೆ ನಾನು ಅಷ್ಟು ನಾಚುವುದಿಲ್ಲ. ಮೂರು ಸಲ ಹೇಳಿದ ಆ 'ಸರಿಹೋಗುತ್ತೆ' ಇದೆಯಲ್ಲ, ಅದು ಈಗಲೂ ಚುಚ್ಚುತ್ತದೆ. ನಕ್ಷೆ ತೆಗೆದು ನೋಡಬೇಕಿತ್ತು, ನೋಡುವ ಧೈರ್ಯ ಇರಲಿಲ್ಲ. ಒಂಬತ್ತನೇ ತಿಂಗಳಲ್ಲಿ ನಕ್ಷೆ ಆಧರಿಸಿ ಎರಡನೇ ಸಲ ಲೇಸರ್ ಆಯಿತು. ನೆರಳು ತೆಳುವಾಯಿತು, ಹೋಗಲಿಲ್ಲ. ಈಗಲೂ ವರ್ಷಕ್ಕೊಮ್ಮೆ ಬರುತ್ತಾರೆ, ಬಂದಾಗೆಲ್ಲ ಚಾರ್ಟಿಗಿಂತ ಮೊದಲು ನೆರಳಿನ ಸಮಾಚಾರ ಕೇಳುತ್ತೇನೆ.

ನಿಮ್ಮಮ್ಮನ ಡಾಕ್ಟರು 'ಕಷ್ಟ' ಅಂದಿದ್ದು ಒಳ್ಳೆಯ ಲಕ್ಷಣ. ಅಮ್ಮನಿಗೆ ಪೊರೆ ಶುರುವಾಗಿದೆಯೇ ಅಂತಲೂ ಕೇಳಿ. ಆಗಿದ್ದರೆ ಲೇಸರ್ ಬೇಡ, ಪೊರೆ ತೆಗೆದು ಹಾಕುವ ಲೆನ್ಸಿನಲ್ಲೇ ಪ್ಲಸ್ ಪವರ್ ತೀರಿಹೋಗುತ್ತದೆ.

ಪ್ರಶ್ನೆ: ಸ್ಮೈಲ್ ವಿಧಾನದಲ್ಲಿ ಟ್ರ್ಯಾಕರ್ರೇ ಇಲ್ಲವಂತೆ! ಹಾಗಾದರೆ ಅದು ಫ್ಲ್ಯಾಪ್ ಎತ್ತಿ ಮಾಡುವ ಲಾಸಿಕ್‌ಗಿಂತ ಅಪಾಯ ಅಲ್ಲವೇ?
— ಗೊಂದಲದಲ್ಲಿರುವವನು

ಉತ್ತರ: ಕಟ್ಟಿಹಾಕಿದ ಕಣ್ಣಿಗೆ ಹಿಂಬಾಲಕ ಯಾಕೆ? ಸ್ಮೈಲ್‌ನಲ್ಲಿ ಬಾಗಿದ ಗಾಜೊಂದು ಕಾರ್ನಿಯಾಗೆ ತಾಗಿ, ಸಣ್ಣಗೆ ಹೀರಿ ಹಿಡಿದುಕೊಳ್ಳುತ್ತದೆ. ಆಮೇಲೆ ಅರ್ಧ ನಿಮಿಷದ ಆಸುಪಾಸಿನಲ್ಲಿ ಲೇಸರ್ ಒಳಗೇ ಬಿಲ್ಲೆಯಂಥ ಪದರ ಕೊರೆಯುತ್ತದೆ. ನಡು ನಿರ್ಧಾರವಾಗುವುದು ಹೀರುವ ಮುಂಚಿನ ಆ ಎರಡು ಕ್ಷಣದಲ್ಲಿ. ಮೇಜು ಮೇಲೆ ಬರುತ್ತದೆ, ಕಣ್ಣೀರಿನ ಪದರ ಗಾಜಿಗೆ ತಾಗುತ್ತದೆ, ಮಿನುಗುವ ಹಸಿರು ದೀಪ ತಟಕ್ಕನೆ ಸ್ಪಷ್ಟವಾಗುತ್ತದೆ. ಅದನ್ನೇ ನೋಡುತ್ತಾ ಇದ್ದರೆ ನಿಮ್ಮ ನೋಟದ ಗೆರೆಯನ್ನು ನೀವೇ ಗಾಜಿನ ನಡುವಿಗೆ ತಂದಿಟ್ಟ ಹಾಗೆ. ಡಾಕ್ಟರಿಗೆ ಒಪ್ಪಿಗೆಯಾಗದಿದ್ದರೆ ಲೇಸರ್ ಶುರುವಾಗುವ ಮುಂಚೆ ಬಿಟ್ಟು ಮತ್ತೆ ಹಿಡಿಯಬಹುದು. ಹಿಡಿದ ಮೇಲೆ ದೀಪ ಮಬ್ಬಾದರೆ ಅದನ್ನು ಹುಡುಕುತ್ತಾ ಕಣ್ಣು ಓಡಿಸಬೇಡಿ, ಹಿಡಿತ ಬಿಟ್ಟುಹೋಗುತ್ತದೆ. ಒಟ್ಟಿನಲ್ಲಿ ಸರಿಯಾಗಿ ಮಾಡಿದರೆ ಎರಡೂ ಸರಿಯೇ. ನಿಮ್ಮ ಡಾಕ್ಟರ ಕೈ ಯಾವುದರಲ್ಲಿ ಪಳಗಿದೆಯೋ ಅದನ್ನು ಆರಿಸಿ.

ಪ್ರಶ್ನೆ: ನಮ್ಮ ದೊಡ್ಡಮ್ಮ ತೊಂಬತ್ತರ ದಶಕದಲ್ಲೇ ಲೇಸರ್ ಮಾಡಿಸಿಕೊಂಡವರು. ಅವರಿಗೆ ರಾತ್ರಿ ದೀಪಗಳು ಈಗಲೂ ಚೆಲ್ಲಾಪಿಲ್ಲಿ. ಆಗಿನ ಲೇಸರ್ ಕಳಪೆಯಾಗಿತ್ತೇ?
— ಕುತೂಹಲಿ

ಉತ್ತರ: ಲೇಸರ್ ಆಗಲೂ ಬಂಗಾರದಂಥದ್ದೇ. ಕಾರ್ನಿಯಾ ಮೇಲ್ಮೈಯನ್ನು ತಿದ್ದುವುದು 193 ನ್ಯಾನೋಮೀಟರ್‌ನ ಎಕ್ಸೈಮರ್ ಕಿರಣ. 1981ರಲ್ಲಿ ಅಮೆರಿಕದಲ್ಲಿ ಐಬಿಎಂನ ಪ್ರಯೋಗಾಲಯದಲ್ಲಿದ್ದ ರಂಗಸ್ವಾಮಿ ಶ್ರೀನಿವಾಸನ್, ಅಲ್ಲಿನ ಹಬ್ಬದೂಟದಲ್ಲಿ ಮಿಕ್ಕಿದ ಟರ್ಕಿ ಕೋಳಿಯ ತುಣುಕಿನ ಮೇಲೆ ಈ ಕಿರಣ ಬಿಟ್ಟು ನೋಡಿದರು. ಸುಟ್ಟ ಗುರುತಿಲ್ಲದೆ ಚೊಕ್ಕವಾಗಿ ಕೊರೆದಿತ್ತು. 1983ರಲ್ಲಿ ನೇತ್ರವೈದ್ಯ ಸ್ಟೀಫನ್ ಟ್ರೋಕೆಲ್ ಜೊತೆ ಸೇರಿ ಕಾರ್ನಿಯಾ ಮೇಲೆ ಹಾಗೇ ಕೆತ್ತಬಹುದೆಂದು ತೋರಿಸಿದರು. ಒಂದು ಮಿಡಿತಕ್ಕೆ ಮೈಕ್ರಾನಿನ ಕಾಲು ಭಾಗದಷ್ಟು ತೆಗೆಯುವ ಕಿರಣ! ಆಳದ ಲೆಕ್ಕದಲ್ಲಿ ಅದು ಎಡವಿದ್ದು ಕಮ್ಮಿ.

ಹೆಚ್ಚು ಎಡವಿದ್ದು ಜಾಗದಲ್ಲಿ. ಆಗ ಲೇಸರ್ ಬೀಳುತ್ತಿದ್ದ ವೃತ್ತ ಕೇವಲ 4-5 ಮಿ.ಮೀ. ಇರುತ್ತಿತ್ತು, ಈಗ 6-6.5. ಟ್ರ್ಯಾಕರ್ ಇರಲಿಲ್ಲ, ರೋಗಿಯ ನೆಟ್ಟ ನೋಟ, ಡಾಕ್ಟರ ಕಾಲಿನ ಚುರುಕು ಅಷ್ಟೇ ಆಧಾರ. ಚಿಕ್ಕ ವೃತ್ತ ಅರ್ಧ ಮಿ.ಮೀ. ಸರಿದರೂ ರಾತ್ರಿಯ ಪಾಪೆಯೊಳಗೆ ಅದರ ಅಂಚು ಬಂದುಬಿಡುತ್ತದೆ. ವೃತ್ತ ದೊಡ್ಡದು ಮಾಡಬಾರದಿತ್ತೇ ಅಂತೀರಾ? ಆಳ ಹೆಚ್ಚುವುದು ಅಗಲದ ವರ್ಗಕ್ಕೆ ತಕ್ಕಂತೆ. ಒಂದು ಪವರ್‌ಗೆ 4 ಮಿ.ಮೀ. ವೃತ್ತಕ್ಕೆ 5 ಮೈಕ್ರಾನಿನಷ್ಟು ಸಾಕಾದರೆ 6 ಮಿ.ಮೀ.ಗೆ 12 ಬೇಕು. ಆಗಿನವರು ಕಾರ್ನಿಯಾ ಉಳಿಸಲು ನೋಡಿದರು. ದೊಡ್ಡಮ್ಮನಿಗೆ ವಯಸ್ಸಿನ ಪೊರೆಯೂ ಸೇರಿಕೊಂಡಿರಬಹುದು, ಒಮ್ಮೆ ತೋರಿಸಿ.

ಪ್ರಶ್ನೆ: ನನ್ನ ಮಗನಿಗೆ ಹುಟ್ಟಿನಿಂದ ಕಣ್ಣುಗುಡ್ಡೆ ತಾನಾಗಿ ಅದುರುತ್ತಿರುತ್ತದೆ. ಕನ್ನಡಕ ಬಿಡಬೇಕು ಅಂತ ಅವನ ಆಸೆ. ಒಂದೇ ಕಡೆ ನೋಡಲು ಆಗದವನಿಗೆ ಲೇಸರ್ ಸಾಧ್ಯವೇ?
— ತಂದೆ

ಉತ್ತರ: ಆಗುವುದೇ ಇಲ್ಲ ಅನ್ನಲಾರೆ. ಅದುರಾಟ ಕಡಿಮೆ ಇದ್ದು, ಟ್ರ್ಯಾಕರಿನ ಹಿಡಿತಕ್ಕೆ ಸಿಗುವಂತಿದ್ದರೆ, ಪಳಗಿದವರು ಮಾಡಿದ್ದುಂಟು. ಆದರೆ ಮೊದಲು ಇನ್ನೊಂದು ನೋಡಿ. ಇಂಥ ಎಷ್ಟೋ ಜನ ತಲೆಯನ್ನು ಒಂದು ಕಡೆ ತಿರುಗಿಸಿಕೊಂಡು ನೋಡುತ್ತಾರೆ, ಆ ಕೋನದಲ್ಲಿ ಅದುರಾಟ ಕಮ್ಮಿ. ಮೇಜಿನ ಮೇಲೆ ಆ ಕೋನ ಸಿಗುವುದಿಲ್ಲ, ತಲೆ ನೇರ ಇಡಬೇಕು. ಮಗನನ್ನು ಅಂಗಾತ ಮಲಗಿಸಿ, ತಲೆ ನೇರ ಮಾಡಿಸಿ, ಒಂದು ಚುಕ್ಕಿ ನೋಡಲು ಹೇಳಿ ಮೊಬೈಲಿನಲ್ಲಿ ಅವನ ಕಣ್ಣಿನ ವಿಡಿಯೋ ಒಂದು ನಿಮಿಷ ತೆಗೆಯಿರಿ. ಡಾಕ್ಟರ ಹತ್ತಿರ ಹೋಗುವಾಗ ಅದನ್ನು ಒಯ್ಯಿರಿ, ಜೊತೆಗೆ ಅವನ ಹಳೆಯ ಕನ್ನಡಕದ ಚೀಟಿಗಳನ್ನೂ. ಕನ್ನಡಕ ಹಾಕಿದಾಗ ಅವನಿಗೆ ಎಷ್ಟು ಕಾಣುತ್ತದೋ ಲೇಸರ್ ನಂತರವೂ ಹೆಚ್ಚುಕಡಿಮೆ ಅಷ್ಟೇ, ಅದುರಾಟ ನಿಲ್ಲುವುದಿಲ್ಲ. ಇದನ್ನು ಅವನಿಗೆ ನೀವು ಹೇಳಬೇಡಿ, ಡಾಕ್ಟರೇ ಹೇಳಲಿ.